ಅಜ್ಜ ಓದಬಾರದ ಪತ್ರ

ಪ್ರಶ್ನೆ: ನಾನು ಕಾಸರಗೋಡಿನ ಎಡನೀರಿನವ. ಕನ್ನಡ ಅಧ್ಯಾಪಕನಾಗಿದ್ದು ನಿವೃತ್ತನಾಗಿದ್ದೇನೆ. ಮಗ, ಸೊಸೆ ನ್ಯೂಜೆರ್ಸಿಯಲ್ಲಿದ್ದಾರೆ. ಅವರ ಮಗಳು, ನನ್ನ ಪುಳ್ಳಿ, ಅಲ್ಲಿ ಕಾಲೇಜಿನ ಮೂರನೇ ವರ್ಷ ಮುಗಿಸಿ ಮೆಡಿಕಲ್‌ಗೆ ಅರ್ಜಿ ಹಾಕುವ ತಯಾರಿಯಲ್ಲಿದ್ದಾಳೆ. ಕಳೆದ ಸಲ ರಜೆಗೆ ಬಂದವಳು ಮೂರು ವಾರ ದಿನಾ ನಮ್ಮ ಡಾಕ್ಟ್ರ ಕ್ಲಿನಿಕ್ಕಿಗೆ ಹೋಗಿ ಕೂತು ಎಲ್ಲ ನೋಡಿದ್ದಳು. ಡಾಕ್ಟ್ರು ನಮ್ಮ ಮನೆಗೆ ಬಹಳ ಬೇಕಾದವರು. ಈಗ ಅವರಿಂದ ಅವಳಿಗೊಂದು ಶಿಫಾರಸು ಪತ್ರ ಬೇಕಂತೆ. ಕೇಳಿದೆ. "ಅದಕ್ಕೇನು ಮಾಷ್ಟ್ರೇ, ನನಗೆ ಪುರುಸೊತ್ತಿಲ್ಲ, ನೀವೇ ಚಂದ ಮಾಡಿ ಬರೆದು ತನ್ನಿ, ಸೈನ್ ಹಾಕಿ ಕೊಡ್ತೇನೆ" ಅಂದರು.

ರಾತ್ರಿ ಕೂತು ಎರಡು ಪುಟ ಬರೆದೆ. ಜೊತೆಯಲ್ಲಿ ಕೆಲಸ ಮಾಡಿದ್ದ ಇಂಗ್ಲಿಷ್ ಮಾಷ್ಟ್ರಿಂದ ತರ್ಜುಮೆ ಮಾಡಿಸಿ ಪುಳ್ಳಿಗೆ ವಾಟ್ಸಾಪ್ ಮಾಡಿದೆ. ಅವಳು ಫೋನ್ ಮಾಡಿ, "ಅಜ್ಜ, ಇದನ್ನು ನೀವು ಬರೆಯಲೂಬಾರದು, ಓದಲೂಬಾರದು, ನಾನಂತೂ ನೋಡಲೇಬಾರದು, ನನ್ನ ಅರ್ಜಿ ಹಾಳಾಗ್ತದೆ" ಎಂದು ಅಳುವಷ್ಟಾದಳು. ಮೂವತ್ತು ವರ್ಷ ಮಕ್ಕಳಿಗೆ ಪ್ರಬಂಧ ಕಲಿಸಿದವನಿಗೆ ಸ್ವಂತ ಪುಳ್ಳಿಯ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕಿಲ್ಲವೇ? ಅತ್ತ ಡಾಕ್ಟ್ರು ಸಿಕ್ಕಿದಾಗೆಲ್ಲ "ಪತ್ರ ಆಯ್ತಾ?" ಎಂದು ಕೇಳುತ್ತಾರೆ. ಏನು ಹೇಳಲಿ? ಕರಡನ್ನು ಇದರೊಂದಿಗೆ ಇಟ್ಟಿದ್ದೇನೆ, ಓದಿ ನೋಡಿ.

ಇನ್ನೊಂದು. ತಮ್ಮನ ಪುಳ್ಳಿ ಇಲ್ಲೇ ಪ್ಲಸ್ ಟು ಓದುತ್ತಿದ್ದಾನೆ, ನೀಟ್ ಬರೆಯುವವ. ಈ ಅಮೆರಿಕದ ಸುದ್ದಿ ಕೇಳಿ ತಮ್ಮನಿಗೂ ತಲೆಬಿಸಿ ಶುರುವಾಗಿದೆ. "ನಮ್ಮ ಹುಡುಗನಿಗೂ ಮಠದಿಂದ ಒಂದು, ಶಾಸಕರ ಕಡೆಯಿಂದ ಒಂದು ಪತ್ರ ಮಾಡಿಸಿಡುವ, ನಿನಗೆ ಬಳಕೆ ಇದೆಯಲ್ಲ" ಎನ್ನುತ್ತಾನೆ. ಕೇಳಲು ನನಗೆ ಸಂಕೋಚ, ಕೇಳದಿದ್ದರೆ ತಮ್ಮನಿಗೆ ಬೇಸರ. ದಾರಿ ತೋರಿಸಿ.

ಹೆಸರು ಬೇಡ, ಎಡನೀರು

ಉತ್ತರ: ಮಾಷ್ಟ್ರೇ, ಮೊದಲು ಪುಳ್ಳಿಯ ಮೇಲಿನ ಬೇಸರ ಇಳಿಯಲಿ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಹೇಳಿದ ಧಾಟಿ ಜೋರಾಯಿತೇನೋ. ಅರ್ಜಿ ಹಾಕುವ ಕಾಲದಲ್ಲಿ ಅಲ್ಲಿನ ಮಕ್ಕಳ ಹೊಟ್ಟೆಯಲ್ಲಿ ಎಂಥ ಸಂಕಟ ಇರುತ್ತದೆಂದು ತಿಳಿದರೆ ನೀವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ನಿಮ್ಮ ಕರಡನ್ನು ಓದಿದೆ. ಭಾಷೆ ಚೆನ್ನಾಗಿದೆ, ಮಾಷ್ಟ್ರ ಕೈಬರಹ ಎಂದು ಯಾರಾದರೂ ಹೇಳಬಲ್ಲರು. ತೊಂದರೆಯೂ ಅದೇ. "ಸದ್ವಂಶದಲ್ಲಿ ಜನಿಸಿದ", "ವಿನಯಸಂಪನ್ನೆಯಾದ", "ಗುರುಹಿರಿಯರಲ್ಲಿ ಭಕ್ತಿಯುಳ್ಳ", "ಅಡಿಗೆಯಲ್ಲಿಯೂ ನಿಪುಣಳಾದ" ಎಂದು ಸಾಗುತ್ತದೆ ಮೊದಲ ಪುಟ. ಎರಡನೆಯ ಪುಟದ ನಡುವೆ ಒಂದು ವಾಕ್ಯವಿದೆ: "ನುರಿತ ವೈದ್ಯೆಯಂತೆ ಸ್ವಹಸ್ತದಿಂದ ರೋಗಿಗಳಿಗೆ ಇಂಜೆಕ್ಷನ್ ಕೊಡುತ್ತಿದ್ದಳು." ಇದು ನಿಜವೋ, ಪ್ರೀತಿಯಿಂದ ಸೇರಿಸಿದ್ದೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ಈ ಒಂದು ಸಾಲು ಸಾಕು, ಅರ್ಜಿ ಮಗುಚಿ ಬೀಳಲು.

ಯಾಕೆಂದು ಹೇಳುತ್ತೇನೆ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟವೊಂದಿದೆ, ಎಎಎಂಸಿ ಎಂದು ಅದರ ಹೆಸರು, 1876ರಲ್ಲಿ ಹುಟ್ಟಿದ್ದು. ಡಾಕ್ಟರಾಗಬೇಕೆಂದಿರುವ ಮಕ್ಕಳು ರಜೆಯಲ್ಲಿ ಆಫ್ರಿಕಾಕ್ಕೋ ಭಾರತಕ್ಕೋ ಹೋಗಿ, ಅಲ್ಲಿ ಹೊಲಿಗೆ ಹಾಕಿದೆ, ಹೆರಿಗೆ ಮಾಡಿಸಿದೆ ಎಂದು ಹೆಮ್ಮೆಯಿಂದ ಬರೆದುಕೊಳ್ಳುವುದು ಹೆಚ್ಚಾದಾಗ, 2011ರಲ್ಲಿ ಆ ಒಕ್ಕೂಟ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ತನ್ನ ದೇಶದಲ್ಲಿ ಮಾಡಲು ಅರ್ಹತೆ ಇಲ್ಲದ ಕೆಲಸವನ್ನು ಇನ್ನೊಂದು ದೇಶದ ಬಡ ರೋಗಿಯ ಮೈಮೇಲೆ ಮಾಡಿ ಕಲಿಯುವುದು ಸರಿಯಲ್ಲ ಎಂಬುದು ಅದರ ಸಾರ. ಅರ್ಜಿಯನ್ನು ಓದುವವರು ಇಂಥ ಸಾಲನ್ನು ಕಂಡರೆ ಹುಡುಗಿಯ ಧೈರ್ಯಕ್ಕೆ ತಲೆದೂಗುವುದಿಲ್ಲ. ಇವಳಿಗೆ ತನ್ನ ಮಿತಿ ಗೊತ್ತಿಲ್ಲ ಎಂದು ಗುರುತು ಹಾಕಿಕೊಳ್ಳುತ್ತಾರೆ. ಡಾಕ್ಟ್ರ ಬಗ್ಗೆಯೂ ಒಳ್ಳೆಯ ಅಭಿಪ್ರಾಯ ಬರುವುದಿಲ್ಲ. ನೀವು ಹೊಗಳಿಕೆಯೆಂದು ಬರೆದದ್ದು ಅವರ ಕಣ್ಣಿಗೆ ದೂರು.

ಹಾಗಾದರೆ ಕರಡನ್ನು ಹರಿದುಹಾಕಬೇಕೇ? ಒಂದು ಸಾಲನ್ನು ಬಿಟ್ಟು ಉಳಿದದ್ದನ್ನು ಹರಿಯಬಹುದು. ಕೊನೆಗೆ, ಜಾಗ ಉಳಿಯಿತೆಂದು ಸೇರಿಸಿದಂತೆ, ನೀವು ಬರೆದಿದ್ದೀರಿ: ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಹುಡುಗನ ಪಕ್ಕದಲ್ಲಿ ಕೂತು, ದೂರದಿಂದ ಬಂದವರ ಟೋಕನಿನ ಹಿಂದೆ ಅವರ ಊರಿಗೆ ಹೋಗುವ ಬಸ್ಸಿನ ಹೊತ್ತನ್ನು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು, ಮುಳ್ಳೇರಿಯ ಕಡೆಯ ಒಬ್ಬ ಮುದುಕಿ ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡು ಸಂಜೆಯವರೆಗೆ ಬೆಂಚಿನಲ್ಲೇ ಕೂತದ್ದನ್ನು ನೋಡಿದ ಮಾರನೇ ದಿನದಿಂದ. ಡಾಕ್ಟ್ರು ಆಮೇಲೆ ಆ ಕ್ರಮವನ್ನೇ ಇಟ್ಟುಕೊಂಡರಂತೆ. ಮಾಷ್ಟ್ರೇ, ನಿಮ್ಮ ಎರಡು ಪುಟದಲ್ಲಿ ಆ ಹುಡುಗಿ ಇರುವುದು ಈ ಒಂದು ಕಡೆ ಮಾತ್ರ. ತುಳು ಬಾರದ, ಮಲಯಾಳ ಬಾರದ ಒಬ್ಬ ಹುಡುಗಿ, ರೋಗಿಯ ಮೈಯನ್ನು ಮುಟ್ಟದೆ, ಔಷಧಿಯ ಹೆಸರೆತ್ತದೆ, ರೋಗಿಗೆ ಆದ ಕಷ್ಟವೊಂದನ್ನು ಕಂಡುಹಿಡಿದು ಅದಕ್ಕೆ ಉಪಾಯ ಮಾಡಿದಳು. ವೈದ್ಯಕೀಯ ಕಾಲೇಜಿನವರು ಹುಡುಕುವುದು ಇದನ್ನೇ. ಆದರೆ ಇದನ್ನು ಬರೆಯಬೇಕಾದವರು ನೀವಲ್ಲ. ನೀವು ಕೇಳಿದವರು, ಡಾಕ್ಟ್ರು ಕಂಡವರು.

ನೀವು ಬರೆಯುವುದಿರಲಿ, ಓದಲೂಬಾರದು ಎಂದಳಲ್ಲ, ಅದಕ್ಕೂ ಕಾರಣವಿದೆ. ಅಮೆರಿಕದಲ್ಲಿ 1974ರ ಒಂದು ಕಾಯಿದೆಯ ಪ್ರಕಾರ ವಿದ್ಯಾರ್ಥಿಗೆ ತನ್ನ ಕುರಿತ ಶಾಲಾ ಕಾಲೇಜಿನ ದಾಖಲೆಗಳನ್ನು ನೋಡುವ ಹಕ್ಕುಂಟು. ಶಿಫಾರಸು ಪತ್ರದ ಮಟ್ಟಿಗೆ ಮಾತ್ರ ಆ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ವಿದ್ಯಾರ್ಥಿ ಮೊದಲೇ ಬರೆದುಕೊಡಬಹುದು. ಬಿಟ್ಟುಕೊಡಲೇಬೇಕೆಂಬ ಕಡ್ಡಾಯವಿಲ್ಲ. ಆದರೂ ಹೆಚ್ಚಿನ ಮಕ್ಕಳು ಬಿಟ್ಟುಕೊಡುತ್ತಾರೆ. ಹುಡುಗಿ ಓದುತ್ತಾಳೆಂದು ಗೊತ್ತಿದ್ದು ಬರೆದ ಪತ್ರದಲ್ಲಿ ದಾಕ್ಷಿಣ್ಯ ಇದ್ದೇ ಇರುತ್ತದೆ. ಅಂಥ ಪತ್ರಕ್ಕೆ ತೂಕ ಕಡಿಮೆ. ಅವಳೂ ಬಿಟ್ಟುಕೊಟ್ಟಿರಬೇಕು. ಹಾಗಿರುವಾಗ ಪತ್ರದ ಒಕ್ಕಣೆ ಅಜ್ಜನ ವಾಟ್ಸಾಪಿನಿಂದ ಅವಳ ಫೋನಿಗೆ ಬಂದು ಬಿದ್ದರೆ ಏನಾದೀತು? ನೋಡುವುದಿಲ್ಲವೆಂದು ಸಹಿ ಹಾಕಿದವಳ ಕೈಯಲ್ಲೇ ಪತ್ರ! ಅವಳು ಗಾಬರಿಯಾದದ್ದು ಅದಕ್ಕೆ. ಅರ್ಜಿಯಲ್ಲಿ ಕೊಟ್ಟದ್ದೆಲ್ಲ ಸತ್ಯವೆಂದು ಅವಳು ದೃಢೀಕರಿಸಬೇಕಾಗುತ್ತದೆ, ಅನುಮಾನ ಬಂದರೆ ಆ ಒಕ್ಕೂಟ ವಿಚಾರಣೆ ಮಾಡಿ ಅವಳು ಅರ್ಜಿ ಹಾಕಿದ ಕಾಲೇಜುಗಳಿಗೆ ತಿಳಿಸುತ್ತದೆ.

"ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ" ಎಂಬುದು ನಮ್ಮಲ್ಲಿ ಎಷ್ಟು ಸಹಜವಾಗಿದೆ ಎಂದರೆ ಡಾಕ್ಟ್ರ ಮೇಲೆ ನನಗೆ ಸಿಟ್ಟೇ ಬರುತ್ತಿಲ್ಲ. ಬ್ಯಾಂಕಿನ ಅರ್ಜಿಯಿಂದ ಹಿಡಿದು ನಡತೆ ಪ್ರಮಾಣಪತ್ರದವರೆಗೆ ಎಲ್ಲವೂ ಹೀಗೇ ಆಗುತ್ತದೆ. ಬೇಕಾದವನು ಬರೆದು ತರುತ್ತಾನೆ, ದೊಡ್ಡವರು ಓದದೆ ಸಹಿ ಹಾಕುತ್ತಾರೆ. ಹಾಗೆಂದು ಇಲ್ಲಿಯೂ ನಡೆಯಲಿ ಎನ್ನಲಾರೆ. ಪರದೇಶದಿಂದ ಬರುವ ಪತ್ರಗಳಲ್ಲಿ ಎರಡು ಮೂರು ಒಂದೇ ಶೈಲಿಯಲ್ಲಿದ್ದರೆ, ಅಥವಾ ದವಾಖಾನೆಯ ಲೆಟರ್‌ಹೆಡ್ಡಿನಲ್ಲಿ ಕಾವ್ಯ ಹರಿದಿದ್ದರೆ, ಓದುವವರಿಗೆ ವಾಸನೆ ಹತ್ತಿಬಿಡುತ್ತದೆ. ವರ್ಷಕ್ಕೆ ಸಾವಿರಗಟ್ಟಲೆ ಪತ್ರ ಓದುವ ಕಣ್ಣು ಅದು.

ಡಾಕ್ಟ್ರಿಗೆ ಏನು ಹೇಳುವುದು? ಇಷ್ಟು: "ಡಾಕ್ಟ್ರೇ, ನಾನು ಬರೆದರೆ ಆಗುವುದಿಲ್ಲವಂತೆ, ನೀವೇ ಬರೆಯಬೇಕಂತೆ. ಪುರುಸೊತ್ತಿಲ್ಲದಿದ್ದರೆ ಇಲ್ಲ ಎಂದುಬಿಡಿ, ಬೇಸರವಿಲ್ಲ." ಇದನ್ನು ಮುಖ ಸಪ್ಪೆ ಮಾಡಿಕೊಂಡು ಹೇಳಬೇಡಿ. ಇಲ್ಲ ಎನ್ನಲು ಅವರಿಗೆ ನಿಜವಾಗಿಯೂ ದಾರಿ ಬಿಟ್ಟುಕೊಡಿ. ಮನಸ್ಸಿಲ್ಲದ ಪತ್ರಕ್ಕಿಂತ ಪತ್ರ ಇಲ್ಲದಿರುವುದೇ ವಾಸಿ, ಅದರಲ್ಲೂ ಈ ಪತ್ರ ಅರ್ಜಿಯ ಜೀವಾಳವೇನೂ ಅಲ್ಲ. ಅಲ್ಲಿನ ಬಹುಪಾಲು ಕಾಲೇಜುಗಳು ಮುಖ್ಯವಾಗಿ ಕೇಳುವುದು ಅವಳಿಗೆ ಪಾಠ ಮಾಡಿದ ಅಧ್ಯಾಪಕರ ಪತ್ರಗಳನ್ನು. ಸಾಮಾನ್ಯವಾಗಿ ವಿಜ್ಞಾನದವರಿಬ್ಬರು, ವಿಜ್ಞಾನೇತರ ವಿಷಯದವರೊಬ್ಬರು, ಇಲ್ಲವೇ ಅವಳ ಕಾಲೇಜಿನ ಸಮಿತಿ ಒಟ್ಟಾಗಿ ಬರೆದದ್ದು ಒಂದು. ಡಾಕ್ಟ್ರ ಪತ್ರ ಅದರ ಮೇಲಿನದು. ಮೂರು ವಾರದ ಪರಿಚಯದ, ಕುಟುಂಬಕ್ಕೆ ಬೇಕಾದ ವೈದ್ಯರ ಮಾತಿಗೆ ಅದರ ಮಿತಿಯಲ್ಲೇ ಬೆಲೆ. ಅಲ್ಲಿನ ಆಸ್ಪತ್ರೆಯಲ್ಲಿ ಅವಳನ್ನು ವರ್ಷಗಟ್ಟಲೆ ಕಂಡ ವೈದ್ಯರೊಬ್ಬರಿದ್ದರೆ ನಾನು ಅವರನ್ನೇ ಕೇಳು ಎನ್ನುತ್ತಿದ್ದೆ.

ಬರೆಯುತ್ತೇನೆ ಎಂದು ಡಾಕ್ಟ್ರು ಒಪ್ಪಿದರೆನ್ನಿ. ಆಗ ಅವರಿಗೆ ಬೇಕಾದ ಮಾಹಿತಿಯನ್ನು ಪುಳ್ಳಿಯೇ ನೇರವಾಗಿ ಕಳಿಸಲಿ. ಅವಳು ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಬಂದಿದ್ದಳು, ದಿನಕ್ಕೆಷ್ಟು ಹೊತ್ತು ಇದ್ದಳು, ಯಾಕೆ ಡಾಕ್ಟರಾಗಬೇಕೆಂದಿದ್ದಾಳೆ, ಕೊನೆಯ ದಿನ ಯಾವುದು. ಇಷ್ಟು ನೆನಪಿಸುವುದರಲ್ಲಿ ತಪ್ಪಿಲ್ಲ, ಅಲ್ಲಿನ ಅಧ್ಯಾಪಕರೂ ಮಕ್ಕಳಿಂದ ಇದನ್ನು ಕೇಳಿ ಪಡೆಯುತ್ತಾರೆ. ಹೊಗಳಿಕೆಯ ವಾಕ್ಯಗಳನ್ನು ಮಾತ್ರ ಅವಳು ಕಳಿಸಬಾರದು.

ಪತ್ರದಲ್ಲಿ ಏನಿರಬೇಕೆಂದು ಡಾಕ್ಟ್ರು ಕೇಳಿದರೆ ಈ ಭಾಗವನ್ನು ಅವರಿಗೆ ಓದಲು ಕೊಡಿ. ಒಕ್ಕೂಟವೇ ಪತ್ರ ಬರೆಯುವವರಿಗೆಂದು ಸೂಚನೆಗಳನ್ನು ಪ್ರಕಟಿಸಿದೆ. ಪತ್ರ ಉದ್ದವಿರಬೇಕಾಗಿಲ್ಲ. ಹುಡುಗಿಯನ್ನು ಎಷ್ಟು ಕಾಲದಿಂದ ಬಲ್ಲಿರಿ, ಯಾವ ನೆಲೆಯಲ್ಲಿ ಬಲ್ಲಿರಿ ಎಂದು ಮೊದಲು ಹೇಳಬೇಕು. ಇಲ್ಲಿ ಡಾಕ್ಟ್ರು ಮುಚ್ಚಿಡದೆ ಬರೆಯಲಿ: "ಇವಳ ಅಜ್ಜನ ಮನೆಯವರು ನನ್ನಲ್ಲಿ ಔಷಧಿ ತೆಗೆದುಕೊಳ್ಳುವವರು, ಆ ಪರಿಚಯದಿಂದ ಇವಳು ಬಂದಳು." ಇದರಿಂದ ಪತ್ರದ ಬೆಲೆ ಇಳಿಯುವುದಿಲ್ಲ, ನಂಬಿಕೆ ಹುಟ್ಟುತ್ತದೆ. ಮುಂದೆ, ತಾನು ಕಣ್ಣಾರೆ ಕಂಡದ್ದು. ಟೋಕನಿನ ಸಂಗತಿ ಅವರಿಗೆ ನೆನಪಿದ್ದರೆ ಅದೊಂದೇ ಮುಕ್ಕಾಲು ಪುಟಕ್ಕೆ ಸಾಕು. ಅವಳ ಅಂಕಗಳ ಬಗ್ಗೆ ಬರೆಯಬೇಕಾಗಿಲ್ಲ, ಅವು ಬೇರೆ ದಾರಿಯಲ್ಲಿ ಹೋಗುತ್ತವೆ. ಕ್ಲಿನಿಕ್ಕಿನ ಚರಿತ್ರೆ, ದಿನಕ್ಕೆಷ್ಟು ರೋಗಿಗಳು ಎಂಬುದು ಒಂದು ವಾಕ್ಯದಲ್ಲಿ ಮುಗಿಯಲಿ. ಬೇರೆ ವಿದ್ಯಾರ್ಥಿಗಳು ಅವರಲ್ಲಿಗೆ ಬಂದದ್ದಿದ್ದರೆ ಅವರೊಂದಿಗೆ ಹೋಲಿಸಿ ಹೇಳಿದರೆ ಓದುವವರಿಗೆ ಬಹಳ ಉಪಯೋಗ. ರೋಗಿಗಳ ಹೆಸರು, ಗುರುತು ಸಿಗುವಂಥ ವಿವರ ಸುತರಾಂ ಬೇಡ. ನಿಮ್ಮಂಥ ಊರಿನಲ್ಲಿ ಮನೆಯ ಹೆಸರು ಹೇಳಿದರೂ ಗುರುತು ಸಿಕ್ಕಿದ ಹಾಗೆಯೇ.

ಆ "ವಿನಯಸಂಪನ್ನೆ"ಯ ವಿಷಯವನ್ನೂ ಹೇಳಿಬಿಡುತ್ತೇನೆ. ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಪ್ಸೆಂಕಾ ಎಂಬಿಬ್ಬರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೆ ಬಂದಿದ್ದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಓದಿ ನೋಡಿದ್ದರು. ಹೆಂಗಸರ ಪರವಾಗಿ ಬರೆದ ಪತ್ರಗಳು ಸರಾಸರಿಯಲ್ಲಿ ಚಿಕ್ಕವು. ಶ್ರಮಪಟ್ಟು ದುಡಿಯುವವಳು ಎಂಬಂಥ ಮಾತು ಅವುಗಳಲ್ಲಿ ಜಾಸ್ತಿ, ಅನುಮಾನ ಹುಟ್ಟಿಸುವ ಒಗ್ಗರಣೆಯ ಮಾತೂ ಜಾಸ್ತಿ. ಗಂಡಸರ ಪತ್ರಗಳಲ್ಲಿ ಸಂಶೋಧನೆಯ, ಸಾಧನೆಯ ಮಾತು ಮುಂದೆ. ಬರೆದವರು ಯಾರೂ ಕೆಟ್ಟ ಮನಸ್ಸಿನಿಂದ ಬರೆದಿರಲಿಕ್ಕಿಲ್ಲ, ನೀವು "ಅಡಿಗೆಯಲ್ಲಿಯೂ ನಿಪುಣಳು" ಎಂದು ಬರೆದ ಹಾಗೆಯೇ. ಇದೇ ಕ್ಲಿನಿಕ್ಕಿನಲ್ಲಿ ಗಂಡು ಹುಡುಗನೊಬ್ಬ ಕೂತಿದ್ದರೆ ಅವನ ಅಡಿಗೆಯ ಸುದ್ದಿ ನಿಮ್ಮ ಪೆನ್ನಿಗೆ ಬರುತ್ತಿತ್ತೇ? ಡಾಕ್ಟ್ರು ಅವಳ ಬುದ್ಧಿಯ ಬಗ್ಗೆ, ಅವಳು ಕೇಳಿದ ಪ್ರಶ್ನೆಗಳ ಬಗ್ಗೆ ಬರೆಯಲಿ.

ಪತ್ರ ಕಳಿಸುವ ಕ್ರಮ ನೀವು ಅಂದುಕೊಂಡಷ್ಟು ಜಟಿಲವಲ್ಲ. ಅಲ್ಲಿನ ಹೆಚ್ಚಿನ ಎಂಡಿ ಕಾಲೇಜುಗಳಿಗೆ ಒಂದೇ ಅರ್ಜಿ, ಎಎಂಕ್ಯಾಸ್ ಎನ್ನುತ್ತಾರೆ. ಟೆಕ್ಸಸ್‌ನ ಸಾರ್ವಜನಿಕ ಕಾಲೇಜುಗಳದ್ದು ಬೇರೆ, ಆಸ್ಟಿಯೋಪಥಿ ಕಾಲೇಜುಗಳದ್ದು ಬೇರೆ. ಎಎಂಕ್ಯಾಸ್‌ನಲ್ಲಿ ಪುಳ್ಳಿ ತನ್ನ ಅರ್ಜಿಯೊಳಗೆ ಡಾಕ್ಟ್ರ ಹೆಸರು ನಮೂದಿಸಿದ ಕೂಡಲೇ ಆ ಪತ್ರಕ್ಕೊಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಮತ್ತು ಅವಳ ಗುರುತಿನ ಸಂಖ್ಯೆ ಎರಡೂ ಇರುವ ಒಂದು ಹಾಳೆಯನ್ನು ಅವಳು ಡಾಕ್ಟ್ರಿಗೆ ಇಮೇಲ್ ಮಾಡುತ್ತಾಳೆ. ಡಾಕ್ಟ್ರು ಲೆಟರ್‌ಹೆಡ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು, ತಾರೀಕು ಹಾಕಿ, ಸಹಿ ಮಾಡಿ, ಫೋನ್ ನಂಬರ್, ಇಮೇಲ್ ಬರೆದು, ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿಸಿ, ಆ ಎರಡು ಸಂಖ್ಯೆಗಳನ್ನು ಕೊಟ್ಟು ಒಕ್ಕೂಟದ ಜಾಲತಾಣದಲ್ಲಿ ತಾವೇ ಏರಿಸಬೇಕು. ಸ್ಕ್ಯಾನ್ ಮಾಡಲು ಬಾರದಿದ್ದರೆ ಕ್ಲಿನಿಕ್ಕಿನ ಹುಡುಗನೋ ಅವರ ಮಗನೋ ಸಹಾಯ ಮಾಡಲಿ. ನೀವು ಆ ಕಡೆ ಸುಳಿಯಬೇಡಿ, ನಿಮ್ಮ ಜಿಮೇಲ್ ಅದಕ್ಕೆ ಬಳಕೆಯಾಗುವುದೂ ಬೇಡ.

ಒಂದು ಸಮಾಧಾನದ ಸಂಗತಿ ಇದೆ. ಪತ್ರ ಬಾರದೆ ಅರ್ಜಿ ನಿಲ್ಲುವುದಿಲ್ಲ. ಮೇ ಕೊನೆ, ಜೂನ್ ಮೊದಲಿಗೆ ಅರ್ಜಿ ಸಲ್ಲಿಸುವ ಕಾಲ. ಬೇಗ ಸಲ್ಲಿಸಿದಷ್ಟೂ ಒಳ್ಳೆಯದು ಎಂದು ಅಲ್ಲಿನ ಮಕ್ಕಳೆಲ್ಲ ಬೇಗ ಹಾಕುತ್ತಾರೆ. ಅರ್ಜಿಯ ಪರಿಶೀಲನೆ ಪತ್ರಗಳಿಗೆ ಕಾಯುವುದಿಲ್ಲ, ಪತ್ರ ಆಮೇಲೆ ಬಂದರೂ ಸೇರಿಸಿಕೊಳ್ಳುತ್ತಾರೆ. ಕಾಲೇಜುಗಳ ಕೊನೆಯ ದಿನಾಂಕ ಮಾತ್ರ ದಾಟಬಾರದು. ಪತ್ರ ತಲುಪಿತೋ ಇಲ್ಲವೋ ಎಂಬುದು ಅವಳ ಅರ್ಜಿಯ ಪುಟದಲ್ಲಿ ಕಾಣಿಸುತ್ತದೆ. ಒಳಗೇನಿದೆ ಎಂಬುದು ಕಾಣಿಸುವುದಿಲ್ಲ. ಆದ್ದರಿಂದ ಡಾಕ್ಟ್ರನ್ನು ದಾರಿಯಲ್ಲಿ ನಿಲ್ಲಿಸಿ "ಕಳಿಸಿದಿರಾ?" ಎಂದು ವಿಚಾರಿಸುವ ಕೆಲಸ ನಿಮಗಿಲ್ಲ. ಒಟ್ಟು 10 ಪತ್ರಗಳವರೆಗೆ ಅವಕಾಶವಿದೆ. ಅಷ್ಟೂ ತುಂಬಿಸಬೇಕೆಂದಿಲ್ಲ, ಪ್ರತಿ ಕಾಲೇಜೂ ತನಗೆಷ್ಟು ಬೇಕೆಂದು ಹೇಳಿರುತ್ತದೆ, ಅದಕ್ಕಿಂತ ಹೆಚ್ಚು ಹೋದರೆ ಕಿರಿಕಿರಿಯೇ.

ಇನ್ನು ನಿಮ್ಮ ತಮ್ಮನ ತಲೆಬಿಸಿ.

ಅದಕ್ಕೆ ನನ್ನ ಉತ್ತರ ಚಿಕ್ಕದು. ಬೇಡ. ಮಠಕ್ಕೂ ಹೋಗಬೇಡಿ, ಶಾಸಕರಲ್ಲಿಗೂ ಹೋಗಬೇಡಿ. ಸಂಕೋಚಪಟ್ಟದ್ದು ಸರಿಯಾಯಿತು. ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರಿನ ಪ್ರಕರಣದಲ್ಲಿ 13 ನ್ಯಾಯಾಧೀಶರ ಪೀಠ 1973ರ ಏಪ್ರಿಲ್ 24ರಂದು ಕೊಟ್ಟ ತೀರ್ಪನ್ನು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ, ಎಡನೀರು ಮಠವೆಂದರೆ ಅಷ್ಟು ದೂರದವರೆಗೆ ಗೊತ್ತು. ಆದರೆ ಎಂಬಿಬಿಎಸ್ ಅರ್ಜಿಯಲ್ಲಿ ಶಿಫಾರಸು ಪತ್ರ ಲಗತ್ತಿಸುವ ಜಾಗವೇ ಇಲ್ಲ. ಯಾರ ಪತ್ರವಿದ್ದರೂ ಅದನ್ನು ಓದಲು ಅಲ್ಲಿ ಒಬ್ಬ ಮನುಷ್ಯ ಕೂತಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ ಪ್ರಕಾರ ಪ್ರವೇಶ ನೀಟ್ ಮೂಲಕವೇ.

ನಿಮ್ಮ ತಮ್ಮನ ತಲೆಯಲ್ಲಿರುವುದು ಹಿಂದಿನ ಕಾಲ ಎಂದು ಕಾಣುತ್ತದೆ. ಸಂದರ್ಶನಕ್ಕೆ ಬೇಕಾದಷ್ಟು ಅಂಕ ಇದ್ದಾಗ ವಶೀಲಿಗೂ ಬೆಲೆ ಇತ್ತು, ಅದು ಸುಳ್ಳಲ್ಲ. ಶ್ರೀನಗರದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಒಟ್ಟು 150 ಅಂಕದಲ್ಲಿ 50 ಸಂದರ್ಶನಕ್ಕೇ ಇದ್ದದ್ದನ್ನು ಕಂಡು ಸುಪ್ರೀಂ ಕೋರ್ಟು 1980ರ ಅಜಯ್ ಹಾಸಿಯಾ ತೀರ್ಪಿನಲ್ಲಿ ಸಂದರ್ಶನದ ಅಂಕ ಶೇ 15 ಮೀರಿದರೆ ಅದು ಮನಸೋಇಚ್ಛೆಯ ಆಯ್ಕೆ ಎಂದಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತನ್ನದೇ ಪರೀಕ್ಷೆ, ಸಂದರ್ಶನಗಳಿಂದ ಮಕ್ಕಳನ್ನು ಆರಿಸುತ್ತಿತ್ತು. ಕ್ರೈಸ್ತ ಸಭೆಗಳು, ಮಿಷನ್ನುಗಳು ತಮ್ಮ ಅಭ್ಯರ್ಥಿಯ ಪರವಾಗಿ ಪತ್ರ ಕೊಡುವ ಪದ್ಧತಿಗೆ ಅಲ್ಲಿ ಅರ್ಥವೂ ಇತ್ತು, ಓದು ಮುಗಿಸಿದವರು ಆ ಮಿಷನ್ ಆಸ್ಪತ್ರೆಗಳಲ್ಲಿ ದುಡಿಯಬೇಕಿತ್ತು. ಅಂಥ ಕಾಲೇಜಿಗೂ ನೀಟ್ ಕಡ್ಡಾಯವೆಂದು 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮನುಷ್ಯರು ಮನುಷ್ಯರನ್ನು ನೋಡಿ ಆರಿಸುವ ಕ್ರಮ ಹೋಗಿ ರ‍್ಯಾಂಕ್ ಮಾತ್ರ ಉಳಿದದ್ದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ಟೋಕನಿನ ಹಿಂದೆ ಬಸ್ಸಿನ ಹೊತ್ತು ಬರೆಯುವ ಹುಡುಗ ನಮ್ಮಲ್ಲೂ ಇರಬಹುದು, ಅವನನ್ನು ಗುರುತಿಸುವ ಉಪಾಯ ನಮ್ಮ ನೀಟ್‌ಗೆ ಇಲ್ಲ. ಆದರೂ ನಮ್ಮ ವಶೀಲಿಯ ಹಳೆಯ ಚಾಳಿಯನ್ನು ಬಲ್ಲ ನಾನು ಸದ್ಯಕ್ಕೆ ರ‍್ಯಾಂಕಿನ ಪಕ್ಷವೇ.

ತಮ್ಮ ಓಡಾಡಲೇಬೇಕು ಎನ್ನುವುದಾದರೆ ಅವನನ್ನು ವಿಲೇಜ್ ಆಫೀಸಿಗೆ ಕಳಿಸಿ. ಬೆಲೆಯುಳ್ಳ ಕಾಗದ ಸಿಗುವುದು ಅಲ್ಲಿ. ನೀಟ್ ಬರೆದರೆ ಸಾಕು, ಕೇರಳದ ಸೀಟು ತಾನಾಗಿ ಬರುತ್ತದೆ ಎಂದು ನಂಬಿ ಕೂತವರಿದ್ದಾರೆ. ಹಾಗಲ್ಲ. ಕೇರಳದ ಪ್ರವೇಶ ಪರೀಕ್ಷಾ ಆಯುಕ್ತರ ಕಚೇರಿ ನಡೆಸುವ ಕೀಮ್‌ಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಆ ಅರ್ಜಿಯ ಗಡುವು ನೀಟ್ ಪರೀಕ್ಷೆಗೂ ಮೊದಲೇ ಮುಗಿಯುತ್ತ ಬಂದಿದೆ. ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂದು ಕೀಮ್ ಅರ್ಜಿ ಹಾಕದೆ ಕೈಕೈ ಹಿಸುಕಿಕೊಳ್ಳುವುದಕ್ಕಿಂತ ದೊಡ್ಡ ಸಂಕಟವಿಲ್ಲ. ಕೇರಳದವನೆಂದು ತೋರಿಸುವ ದಾಖಲೆ, ಜಾತಿ, ಆದಾಯದ ಪ್ರಮಾಣಪತ್ರ, ಮೀಸಲಾತಿ ಇದ್ದರೆ ಅದರದ್ದು, ಎಲ್ಲವನ್ನೂ ಅಕ್ಷಯ ಕೇಂದ್ರದ ಮೂಲಕ ಈಗಲೇ ಅರ್ಜಿ ಕೊಟ್ಟು ತೆಗೆದಿಡಲಿ. ಹೆಸರಿನ ಅಕ್ಷರಗಳು ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ, ಆಧಾರ್‌ನಲ್ಲಿ, ಪ್ರಮಾಣಪತ್ರದಲ್ಲಿ ಒಂದೇ ಇವೆಯೇ ಎಂದು ನೋಡಿಕೊಳ್ಳಿ. ನಮ್ಮ ಕಡೆ ಕನ್ನಡದ ಹೆಸರು ಮಲಯಾಳದಲ್ಲಿ ಒಂದು ರೂಪ, ಇಂಗ್ಲಿಷಿನಲ್ಲಿ ಇನ್ನೊಂದು ರೂಪ ಆಗುವುದು ಹೊಸದೇನಲ್ಲ.

ಹುಡುಗನ ಮನೆಮಾತು ಕನ್ನಡವೋ ತುಳುವೋ ಆದ್ದರಿಂದ ಅವನಿಗೆ ಇನ್ನೊಂದು ಬಾಗಿಲೂ ತೆರೆದಿದೆ, ಕರ್ನಾಟಕದ್ದು. ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಕಾಸರಗೋಡಿನ ಮಕ್ಕಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸರ್ಕಾರಿ ಕೋಟಾದ ಸೀಟಿಗೆ ಅರ್ಜಿ ಹಾಕಬಹುದು. ನೀಟ್ ರ‍್ಯಾಂಕ್ ಅಲ್ಲಿಯೂ ಬೇಕು. ಅದರ ಜೊತೆಗೆ ತಹಶೀಲ್ದಾರರಿಂದ ವಾಸಸ್ಥಳದ ಪತ್ರ, ಇಲ್ಲಿನ ಶಾಲೆಗಳಲ್ಲಿ ಓದಿದ ವರ್ಷಗಳ ವ್ಯಾಸಂಗ ಪತ್ರ, ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ. ಎಷ್ಟು ವರ್ಷ ಓದಿರಬೇಕು, ಯಾವ ನಮೂನೆಯಲ್ಲಿ ಪತ್ರ ಬೇಕು ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆ ನೋಡಿಯೇ ಮಾಡಿಸಿ, ನೆರೆಮನೆಯವರು ಹಿಂದೆ ಮಾಡಿಸಿದ್ದನ್ನು ನೋಡಿ ಅಲ್ಲ. ಮಾಷ್ಟ್ರೇ, ನಿಮ್ಮ ಬಳಕೆ ಉಪಯೋಗಕ್ಕೆ ಬರುವುದು ಇಲ್ಲಿ. ಹುಡುಗ ಒಂದನೇ ತರಗತಿಯಿಂದ ಓದಿದ ಶಾಲೆಗಳ ಮುಖ್ಯೋಪಾಧ್ಯಾಯರನ್ನು ನೀವು ಬಲ್ಲಿರಿ. ದಾಖಲಾತಿ ಪುಸ್ತಕ ತೆಗೆಸಿ, ಸರಿಯಾದ ವರ್ಷಗಳನ್ನು ಹಾಕಿಸಿ, ಮುದ್ರೆ ಸಹಿತ ಸಹಿ ತನ್ನಿ. ಭಾಷಾ ಪರೀಕ್ಷೆಗೆ ಹುಡುಗನನ್ನು ಕೂರಿಸಿ ನಾಲ್ಕು ದಿನ ಕನ್ನಡ ಬರೆಸುವ ಕೆಲಸವನ್ನೂ ನಿಮಗಿಂತ ಚೆನ್ನಾಗಿ ಯಾರು ಮಾಡಿಯಾರು?

ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು. ಅದು ನಡೆಯುವ 13 ಭಾಷೆಗಳಲ್ಲಿ ಕನ್ನಡವೂ ಒಂದು. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಬೇಕಾದರೆ ಪರೀಕ್ಷಾ ಕೇಂದ್ರವನ್ನು ಕರ್ನಾಟಕದೊಳಗೆ ಆರಿಸಿಕೊಳ್ಳಬೇಕು, ಕಾಸರಗೋಡಿನ ಕೇಂದ್ರದಲ್ಲಿ ಅದು ಸಿಗುವುದಿಲ್ಲ. ನಿಮ್ಮವರಿಗೆ ಮಂಗಳೂರು ಹತ್ತಿರ. ಪ್ಲಸ್ ಟು ಇಂಗ್ಲಿಷಿನಲ್ಲಿ ಓದಿದ ಹುಡುಗನಿಗೆ ಭೌತಶಾಸ್ತ್ರದ ಕನ್ನಡ ಪದಗಳು ಆ ಮೂರು ಗಂಟೆಯಲ್ಲಿ ಹೊಸದಾಗಿ ಕಂಡರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಹಳೆಯ ಕನ್ನಡ ಪ್ರಶ್ನೆಪತ್ರಿಕೆಯೊಂದನ್ನು ಅವನ ಕೈಗೆ ಕೊಟ್ಟು, ಅವನೇ ತೀರ್ಮಾನಿಸಲಿ. ಕನ್ನಡದ ಅಭಿಮಾನ ತೋರಿಸಲು ಅದು ಜಾಗವಲ್ಲ, ನಿಮಗೆ ಈ ಮಾತು ರುಚಿಸಲಿಕ್ಕಿಲ್ಲ.

ಅಂದಹಾಗೆ ತಮ್ಮನಿಗೆ ಇದನ್ನೂ ಹೇಳಿ. 2013ರಲ್ಲಿ ಶಿಲಾನ್ಯಾಸವಾಗಿ ವರ್ಷಗಟ್ಟಲೆ ಕುಂಟುತ್ತಿದ್ದ ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2025ರಲ್ಲಿ 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಸಿಕ್ಕಿದೆ. ನಿಮ್ಮ ಮನೆಯೆದುರಿನ ಚೆರ್ಕಳ–ಬದಿಯಡ್ಕ ರಸ್ತೆಯಲ್ಲೇ ಮುಂದೆ ಹೋದರೆ ಅದು. ಕೀಮ್ ಅರ್ಜಿಯ ನಂತರ ಕಾಲೇಜುಗಳ ಆಯ್ಕೆಪಟ್ಟಿ ತುಂಬಿಸುವಾಗ, ಹೊಸದು, ಸೌಕರ್ಯ ಸಾಲದು ಎಂದು ಅದನ್ನು ಬಿಟ್ಟುಬಿಡುವವರಿದ್ದಾರೆ. ಪಟ್ಟಿಯಲ್ಲಿ ಇಲ್ಲದ ಕಾಲೇಜು ಯಾರಿಗೂ ಸಿಗುವುದಿಲ್ಲ, ಕೆಳಗಾದರೂ ಹಾಕಿಡಿ. ಪಟ್ಟಿ ತುಂಬಿಸುವ ದಿನ ಹುಡುಗನ ಪಕ್ಕದಲ್ಲಿ ಒಬ್ಬರು ದೊಡ್ಡವರು ಕನ್ನಡಕ ಹಾಕಿಕೊಂಡು ಕೂತಿರಲಿ, ಅದು ನೀವೇ ಆಗಬಹುದು. ಆ ಪುಟವನ್ನು ಅಜ್ಜ ಓದಬಾರದೆಂದು ಯಾರೂ ಹೇಳುವುದಿಲ್ಲ.